ನಂಗು ಸಾಕಿದ ಅಕ್ಕ

ಕಳೆದ ತಿಂಗಳು ನಮ್ಮ ವಿಮಾ ಕಚೇರಿಯಲ್ಲಿ ಅಕ್ಕನ ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಸರಳ ವ್ಯಕ್ತಿತ್ವ, ಮೃದು ಮಾತು, ಎಲ್ಲರೊಡನೆ ಹೊಂದಿಕೊಂಡು ಹೋಗುವ ಸ್ವಭಾವ ಎಂದೆಲ್ಲ ಕೊಂಡಾಡಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಸಮೋಸಾ ತಿನ್ನುತ್ತ, ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. ಅಕ್ಕ ಮೃದುವಾಗಿ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ. ಹೊಂದಿಕೊಂಡು ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅಷ್ಟು ಜನ ಅಷ್ಟು ಹೊತ್ತು ಮಾತಾಡಿದರೂ ಮೀನಿನ ವಿಷಯವನ್ನು ಯಾರೂ ಎತ್ತಲಿಲ್ಲ. ಮದುವೆ ಮನೆಗೆ ಹೋಗಿ ಬಂದವರು ಮದುಮಗಳ ಸುದ್ದಿಯನ್ನೇ ಹೇಳದ ಹಾಗಾಯಿತು.

ಸಮಾರಂಭ ಮುಗಿದ ವಾರದಲ್ಲೇ ಅಕ್ಕ ಮೂಲ್ಕಿಯಲ್ಲಿರುವ ತಂಗಿಯ ಮನೆಗೆ ಹೊರಟುಹೋದರು. ಆ ಮೀನೂ ಈಗಿಲ್ಲ. ಇಬ್ಬರ ಪರವಾಗಿಯೂ ನಾನೇ ಹೇಳಬೇಕಾಗಿದೆ.

ಅಕ್ಕ ಮಂಗಳೂರು ಕಡೆಯವರು. ಕಡಲ ದಡದಲ್ಲಿ ಹುಟ್ಟಿ ಬೆಳೆದು, ಕೆಲಸ ಸಿಕ್ಕಿದ್ದು ಮಾತ್ರ ಗುಜರಾತಿನಲ್ಲಿ. ಮದುವೆಯಾಗಿರಲಿಲ್ಲ. ಹೊಸಬರು ಯಾರಾದರೂ ಯಾಕೆ ಎಂದು ಕೇಳಿದರೆ, "ಕೇಳಿದವರು ನನಗೆ ಸರಿ ಕಾಣ್ಲಿಲ್ಲ, ಸರಿ ಕಂಡವರು ಕೇಳ್ಲಿಲ್ಲ" ಎಂದು ಹೇಳಿ ಫೈಲು ತೆರೆಯುತ್ತಿದ್ದರು. ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ನಾನು ಧಾರವಾಡದವಳು. ಸೂರತ್ತಿನ ವರಾಛಾ ಶಾಖೆಗೆ ಹೊಸದಾಗಿ ಸೇರಿದಾಗ ಸುತ್ತಮುತ್ತ ವಜ್ರ ಉಜ್ಜುವ ಕಾರ್ಖಾನೆಗಳ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ಮಧ್ಯಾಹ್ನ ಒಬ್ಬರು ನನ್ನ ಮೇಜಿನ ಹತ್ತಿರ ಬಂದು, "ಎಂತ ಮಾರಾಯ್ತಿ, ಊಟ ಆಯ್ತಾ?" ಎಂದರು. ಕನ್ನಡ ಕೇಳಿ ನನ್ನ ಕಣ್ಣಲ್ಲಿ ನೀರೇ ಬಂತು. ಅವತ್ತಿನಿಂದ ನಾನು ಅಕ್ಕನ ಬೆನ್ನು ಬಿಡಲಿಲ್ಲ.

ಆ ವರ್ಷದ ಯುಗಾದಿಗೆ ಬಹಳ ಉಮೇದಿನಿಂದ ಹೋಳಿಗೆ ಮಾಡಿಕೊಂಡು ಹೋದೆ. ಆಫೀಸಿನವರೆಲ್ಲ ಆಹಾ ಓಹೋ ಎಂದರು. ಅಕ್ಕ ನಿಧಾನವಾಗಿ ಪೂರ್ತಿ ತಿಂದು, ಕೈ ತೊಳೆದು ಬಂದರು.

"ಹೆಂಗಾಗ್ಯಾವ್ರಿ ಅಕ್ಕಾರ?" ಎಂದೆ.

"ಹೂರಣ ಚೆಂದ ಉಂಟು. ಹೊರಗಿನದ್ದು ಜಗಿದು ಜಗಿದು ದವಡೆ ನೋವು ಬಂತು."

ನಾನು ಮುಖ ಊದಿಸಿಕೊಂಡು ಒಂದು ವಾರ ಅವರೊಂದಿಗೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾದ ಹಾಗೂ ಕಾಣಲಿಲ್ಲ. ಮರುವರ್ಷ ಮತ್ತೆ ಮಾಡಿಕೊಂಡು ಹೋದಾಗ, "ಈಗ ಸರಿ ಆಯ್ತು ನೋಡು" ಎಂದು ಇನ್ನೊಂದು ಹಾಕಿಸಿಕೊಂಡರು. ಉಳಿದವರ ಆಹಾ ಓಹೋ ನನಗೆ ಆಮೇಲೆ ನೆನಪಾಗಿದ್ದೇ ಇಲ್ಲ. ಅಕ್ಕನ ಆ ಒಂದು ಮಾತಿನಿಂದ ಮಾತ್ರ ದಿನವಿಡೀ ಹಿಗ್ಗಿಕೊಂಡು ಓಡಾಡಿದೆ.

ಆಫೀಸಿನಲ್ಲೂ ಇದೇ ಕಥೆ. ಪಾಲಿಸಿ ಮಾಡಿಸಲು ಬಂದವರಿಗೆ, ಇದು ನಿಮಗೆ ತಕ್ಕದ್ದಲ್ಲ, ಸುಮ್ಮನೆ ಮನೆಗೆ ಹೋಗಿ ಎಂದುಬಿಡುತ್ತಿದ್ದರು. ಮ್ಯಾನೇಜರು ತಲೆ ಚಚ್ಚಿಕೊಳ್ಳುತ್ತಿದ್ದ. ಒಮ್ಮೆ ಅಕ್ಕನನ್ನು ಕರೆಸಿ, ಸುಳ್ಳು ಹೇಳಬೇಡಿ, ಸರಿ, ಆದರೆ ಕೇಳಿದ್ದಕ್ಕೆಲ್ಲ ಪೂರ್ತಿ ಸತ್ಯ ಹೇಳಲೇಬೇಕು ಅಂತ ಕಾನೂನು ಇದೆಯಾ ಎಂದು ಗೋಗರೆದನಂತೆ. ಅಕ್ಕ, "ಹಾಗಾದ್ರೆ ಅವರನ್ನು ನನ್ನ ಮೇಜಿಗೆ ಕಳಿಸ್ಬೇಡಿ" ಎಂದು ಬಂದರಂತೆ. ಅವರು ಸತ್ಯವನ್ನು ದೊಡ್ಡ ವ್ರತವೆಂದು ಹಿಡಿದವರೇನಲ್ಲ. ಸುಳ್ಳು ಹೇಳಲು ಅವರಿಗೆ ಬರುತ್ತಲೇ ಇರಲಿಲ್ಲ. ಕೆಲವರಿಗೆ ಸೀಟಿ ಹೊಡೆಯಲು ಬರುವುದಿಲ್ಲವಲ್ಲ, ಹಾಗೆ.

ಇನ್ನು ಮೀನು. ಅದು ಕರಾವಳಿಯವರು ನಂಗು ಎನ್ನುವ ಚಪ್ಪಟೆ ಮೀನು. ನನ್ನಂಥವಳಿಗೆ ಮೀನೆಂದರೆ ಕ್ಯಾಲೆಂಡರಿನಲ್ಲಿ ದಶಾವತಾರದ ಮೊದಲ ಚಿತ್ರ, ಅಷ್ಟೆ. ಅಕ್ಕನಿಗೆ ಹಾಗಲ್ಲ. ಭಾನುವಾರವೆಂದರೆ ಡುಮಸ್ ಕಡೆಯ ಕಡಲ ದಡಕ್ಕೆ ಹೋಗಿ ಮೀನು ತರುವುದು ಅವರ ಪದ್ಧತಿ. ಒಂದು ಭಾನುವಾರ ಬುಟ್ಟಿಯಲ್ಲಿ ರಾಶಿ ಬಿದ್ದಿದ್ದ ನಂಗುಗಳ ನಡುವೆ ಅಂಗೈಯಷ್ಟೂ ಇಲ್ಲದ ಒಂದು ಮರಿ ಇನ್ನೂ ಮಿಸುಕಾಡುತ್ತಿತ್ತು. ಅದನ್ನು ಸಮುದ್ರದ ನೀರು ತುಂಬಿದ ಬಕೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ಬಂದರು. ಎಲ್ಲರೂ ಕಾರಣ ಕೇಳಿದರು. ಅಕ್ಕನ ಉತ್ತರ ಎಲ್ಲರಿಗೂ ಒಂದೇ:

"ಹುರಿಲಿಕ್ಕೆ ಸಾಲದಷ್ಟು ಸಣ್ಣದಿತ್ತು. ಅದಕ್ಕೆ ಸಾಕಿದೆ."

ಮೀನು ಸಾಕಿದ ಮೇಲೆ ಮೀನು ತಿನ್ನುವುದನ್ನು ಬಿಟ್ಟಿರಬೇಕು ಎಂದು ನೀವು ಭಾವಿಸಿದ್ದರೆ ತಪ್ಪು. ಸೂರತ್ತಿನ ಮನೆಯಲ್ಲಿ ಟ್ಯಾಂಕಿನ ಪಕ್ಕದಲ್ಲೇ ಕೂತು, ರವೆ ಹಚ್ಚಿ ಹುರಿದ ನಂಗನ್ನು ಮುಳ್ಳು ಬಿಡಿಸಿ ಬಿಡಿಸಿ ತಿನ್ನುತ್ತಿದ್ದರು. ನಾನು ಗಾಬರಿಯಾಗಿ, ಅದು ನೋಡುತ್ತದಲ್ಲ ಎಂದರೆ, "ನೋಡ್ಲಿ. ಅದೂ ಸಿಗಡಿ ತಿನ್ನುವಾಗ ನಾನು ನೋಡುದಿಲ್ವಾ?" ಎನ್ನುತ್ತಿದ್ದರು.

ಮೊದಲು ಪ್ಲಾಸ್ಟಿಕ್ ಟಬ್ಬಿನಲ್ಲಿತ್ತು. ಆಮೇಲೆ ಗಾಜಿನ ಅಂಗಡಿಯವನಿಗೆ ಹೇಳಿ ಟ್ಯಾಂಕು ಮಾಡಿಸಿದರು. ಈ ಮೀನು ಈಜಾಡುವ ಪೈಕಿಯಲ್ಲ, ತಳದಲ್ಲೇ ಮಲಗಿರುವಂಥದ್ದು. ಅದಕ್ಕೆ ನೆಲ ಬೇಕು, ಎತ್ತರ ಬೇಡ. ಇಷ್ಟುದ್ದ, ಇಷ್ಟಗಲ, ಎತ್ತರ ಇಷ್ಟೇ ಎಂದು ಅಕ್ಕ ಕೈಯಲ್ಲಿ ತೋರಿಸಿದಾಗ ಅಂಗಡಿಯವನು, ಬೇನ್, ಇದು ಟ್ಯಾಂಕಲ್ಲ, ತಟ್ಟೆ ಎಂದು ನಕ್ಕನಂತೆ. ಅದರ ತಳಕ್ಕೆ ಸಣ್ಣ ಮರಳು ಹಾಸಬೇಕು. ದಪ್ಪ ಮರಳಾದರೆ ಅದರ ಹೊಟ್ಟೆ ತರಚುತ್ತದೆ. ಭಾನುವಾರಗಳಲ್ಲಿ ನಾನೂ ಹೋಗಿ ಮರಳು ತೊಳೆದಿದ್ದೇನೆ. ನನ್ನ ಮನೆಯ ಅಕ್ಕಿಯನ್ನೂ ಅಷ್ಟು ನೀರಿನಲ್ಲಿ ತೊಳೆದವಳಲ್ಲ.

ಉಪ್ಪುನೀರಿಗೆ ಅಡುಗೆ ಉಪ್ಪು ನಡೆಯುವುದಿಲ್ಲ, ಅದಕ್ಕೇ ಬೇರೆ ಉಪ್ಪಿನ ಪೊಟ್ಟಣ ಬರುತ್ತದೆ. ಇದು ತಿಳಿಯದ ಸಹೋದ್ಯೋಗಿಯೊಬ್ಬ, ಗುಜರಾತಿನಲ್ಲಿ ಕೂತು ಉಪ್ಪನ್ನು ಹೊರಗಿನಿಂದ ತರಿಸುವುದೇ ಎಂದು ಮರುಗಿ, ತನ್ನ ಊರಿನಿಂದ ಒಂದು ಚೀಲ ಕಲ್ಲುಪ್ಪು ತಂದುಕೊಟ್ಟ. ಅಕ್ಕ ಅದನ್ನು ಉಪ್ಪಿನಕಾಯಿಗೆ ಬಳಸಿದರು. ನಮ್ಮೆಲ್ಲರ ಮನೆಗೂ ಆ ವರ್ಷ ಮಾವಿನಮಿಡಿ ಬಂತು.

ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ನೋಡಲು ಅಕ್ಕನ ಬಳಿ ಸಣ್ಣ ದುರ್ಬೀನಿನಂಥ ಒಂದು ಸಾಧನ ಇತ್ತು. ಅದರ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ಬೆಳಕಿಗಾಗಿ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದರು. ಎದುರು ಕಟ್ಟಡದ ಹೆಂಗಸೊಬ್ಬಳು ಇವರು ತಮ್ಮ ಮನೆಯನ್ನೇ ಇಣುಕಿ ನೋಡುತ್ತಾರೆಂದು ಜಗಳಕ್ಕೆ ಬಂದಳು. ಅಕ್ಕ ಏನೂ ಹೇಳದೆ ಸಾಧನವನ್ನು ಅವಳ ಕಣ್ಣಿಗೆ ಹಿಡಿದರು. ಒಳಗೆ ನೀಲಿ ಬಣ್ಣ, ಒಂದು ಗೆರೆ, ಕೆಲವು ಅಂಕಿ. ಅವಳು ಪೆಚ್ಚಾಗಿ ಹೋದಳು. ಯಾರು ನೋಡಲಿ ಎಂದು ಬಾಲ್ಕನಿಗೆ ಬರುತ್ತೇವೋ ಅವರು ನಮ್ಮನ್ನು ನೋಡುವುದೇ ಇಲ್ಲ ಎಂದು ಅವಳಿಗೆ ಬೇಸರವೂ ಆಗಿರಬಹುದು.

ಮನೆಗೆ ಬಂದವರಿಗೆ ಅಕ್ಕ ಮೀನನ್ನು ತೋರಿಸುತ್ತಿರಲಿಲ್ಲ. ಟ್ಯಾಂಕಿನ ಮುಂದೆ ಕುರ್ಚಿ ಹಾಕಿ ಕೂರಿಸಿ ಕಾಫಿ ಮಾಡಲು ಹೋಗುತ್ತಿದ್ದರು. ಟ್ಯಾಂಕಿನಲ್ಲಿ ಬರೀ ಮರಳು. ನಂಗು ಮರಳಿನ ಬಣ್ಣಕ್ಕೇ ತಿರುಗಿ, ಮೈಮೇಲೆ ಮರಳು ಎರಚಿಕೊಂಡು, ಎರಡು ಕಣ್ಣು ಮಾತ್ರ ಹೊರಗಿಟ್ಟುಕೊಂಡು ಮಲಗಿರುತ್ತಿತ್ತು. ಕಾಫಿ ತರುವಾಗ, "ಕಂಡ್ತಾ?" ಎಂದು ಕೇಳುವರು. ಗಾಜಿಗೆ ಟಕಟಕ ಬಡಿದವರಿಗೆ ಆ ಮನೆಯಲ್ಲಿ ಎರಡನೆಯ ಸಲ ಕಾಫಿ ಸಿಕ್ಕಿದ್ದಿಲ್ಲ. ಸುಮ್ಮನೆ ಕೂತು ನೋಡಿದವರ ಬಗ್ಗೆ, "ಒಳ್ಳೆ ಜನ" ಎಂದು ಷರಾ ಬರೆಯುತ್ತಿದ್ದರು. ನನ್ನ ಗಂಡ ಮೊದಲ ಸಲ ಹೋದಾಗ ಕುರ್ಚಿಯಲ್ಲೇ ತೂಕಡಿಸಿದ್ದ. ಅವನೂ ಒಳ್ಳೆ ಜನರ ಪಟ್ಟಿಗೆ ಸೇರಿದ.

ಆ ಎರಡು ಕಣ್ಣಿನ ಸಂಗತಿಯನ್ನು ನನಗೆ ಹೇಳಿದ್ದು ಅಕ್ಕನೇ. "ಹುಟ್ಟುವಾಗ ಇದು ಎಲ್ಲ ಮೀನಿನ ಹಾಗೆಯೇ ಇರ್ತದೆ, ಆಚೆಗೊಂದು ಈಚೆಗೊಂದು ಕಣ್ಣು. ಬೆಳೀತಾ ಬೆಳೀತಾ ಒಂದು ಕಣ್ಣು ಮೆಲ್ಲ ಸರೀತಾ ಇನ್ನೊಂದರ ಪಕ್ಕಕ್ಕೆ ಬರ್ತದೆ. ಮತ್ತೆ ಜೀವಮಾನ ಇಡೀ ಒಂದೇ ಮಗ್ಗುಲಲ್ಲಿ ಮಲಗುದು." ಎಂಥಾ ಅವಸ್ಥೆ ಎಂದು ನಾನು ಮರುಗಿದೆ. "ಅವಸ್ಥೆ ಎಂತದು? ಅದಕ್ಕೆ ಆರಾಮ ಉಂಟು" ಎಂದರು.

ಆಮೇಲೆ ನಮ್ಮಿಬ್ಬರಿಗೂ ವಡೋದರಾಕ್ಕೆ ವರ್ಗವಾಯಿತು. ಅಲ್ಲಿ ಒಂದು ಮಳೆಗಾಲದಲ್ಲಿ ನದಿ ಉಕ್ಕಿ, ನಮ್ಮ ಕಡೆ ಕರೆಂಟು ಹೋಗಿ, ಟ್ಯಾಂಕಿಗೆ ಗಾಳಿ ಹಾಕುವ ಪಂಪು ನಿಂತಿತು. ಬ್ಯಾಟರಿಯ ಪಂಪೂ ಕೈಕೊಟ್ಟಿತು. ನಾನು ಮೊಣಕಾಲುದ್ದ ನೀರಿನಲ್ಲಿ ಅವರ ಮನೆ ತಲುಪಿದಾಗ ಅಕ್ಕ ಸ್ಟೂಲಿನ ಮೇಲೆ ಕೂತು, ಚೊಂಬಿನಲ್ಲಿ ಟ್ಯಾಂಕಿನ ನೀರನ್ನೇ ಮೊಗೆದು, ಕಾಫಿ ಆರಿಸುವ ಹಾಗೆ ಎತ್ತರದಿಂದ ಮತ್ತೆ ಅದಕ್ಕೇ ಹೊಯ್ಯುತ್ತಿದ್ದರು. ಹಾಗೆ ಮಾಡಿದರೆ ನೀರಿಗೆ ಗಾಳಿ ಸೇರುತ್ತದಂತೆ. ನನ್ನ ಕೈಗೂ ಒಂದು ಚೊಂಬು ಕೊಟ್ಟರು. ಇಡೀ ಹಗಲು ಸರದಿಯ ಮೇಲೆ ಹೊಯ್ದೆವು. ಊರೆಲ್ಲ ನೀರು ತುಂಬಿ ಗೋಳಾಡುತ್ತಿದ್ದರೆ ನಾವಿಬ್ಬರು ನೀರನ್ನು ನೀರಿಗೇ ಹೊಯ್ಯುತ್ತ, ಊರ ಕಡೆಯ ಮದುವೆಗಳ ಸುದ್ದಿ ಹೇಳಿಕೊಂಡು ನಗುತ್ತಿದ್ದೆವು. ನನ್ನ ಜೀವನದ ಅತ್ಯಂತ ಸುಖದ ದಿನಗಳಲ್ಲಿ ಅದೂ ಒಂದು.

ನನ್ನ ಗಂಡ ರೈಲ್ವೆಯವನು. ಅವನ ವರ್ಗದ ಹಿಂದೆ ನಾನು ಅಹಮದಾಬಾದಿಗೆ ಬಂದು ಬೋಡಕ್‌ದೇವ್‌ನಲ್ಲಿ ಮನೆ ಮಾಡಿದೆ. ಕೆಲ ಕಾಲದ ನಂತರ ಅಕ್ಕನಿಗೂ ಅಲ್ಲಿಗೇ ಬದಲಿ ಬಂತು. ನಮ್ಮ ಮೇಲಿನ ಮಹಡಿಯಲ್ಲಿ ಒಂದು ಫ್ಲ್ಯಾಟು ಖಾಲಿ ಇತ್ತು. ಅದರ ಒಡತಿ ಎಪ್ಪತ್ತು ದಾಟಿದ ಜೈನ ಮುದುಕಿ. ಮಗ ಸೊಸೆಯೊಂದಿಗೆ ಪಕ್ಕದ ಮನೆಯಲ್ಲೇ ಇದ್ದರು. ಇಡೀ ಕಟ್ಟಡ ಅವರನ್ನು ಬಾ ಎನ್ನುತ್ತಿತ್ತು. ನಮ್ಮಲ್ಲಿ ಅವ್ವ ಎನ್ನುವ ಹಾಗೆ.

ಬಾ ಈರುಳ್ಳಿ ಆಲೂಗಡ್ಡೆ ಕೂಡ ಮುಟ್ಟದವರು. ಮೆಟ್ಟಿಲು ಹತ್ತುವಾಗಲೇ ನಾನು ಅಕ್ಕನಿಗೆ ಹೇಳಿದೆ: "ಅಕ್ಕಾರ, ಮೀನು ತಿಂತೀರೇನು ಅಂತ ಕೇಳಿದ್ರ ಇಲ್ಲಂತ ಅಂದುಬಿಡ್ರಿ. ಮುಂದಿಂದು ನಾ ನೋಡ್ಕೋತೀನಿ."

"ನೀನು ನೋಡ್ಕೋ. ನಾನು ತಿಂತೇನೆ."

ಬಾ ಕೇಳಿದ್ದೇ ಅದನ್ನು. ಅಕ್ಕ ತಮ್ಮ ಹರಕುಮುರುಕು ಹಿಂದಿಯಲ್ಲಿ, ತಿನ್ನುತ್ತೇನೆ, ಈ ಮನೆಯಲ್ಲಿ ಬೇಯಿಸುವುದಿಲ್ಲ, ಹೊರಗೆ ತಿಂದು ಬರುತ್ತೇನೆ ಎಂದರು. ಬಾ ತುಸು ಹೊತ್ತು ಅಕ್ಕನ ಮುಖವನ್ನೇ ನೋಡಿದರು. ಹಿಂದೆ ಇದ್ದ ಬಾಡಿಗೆಯವನು ದೇವರ ಮೇಲೆ ಆಣೆ ಮಾಡಿ ಸಸ್ಯಾಹಾರಿ ಎಂದಿದ್ದ. ಆಮೇಲೆ ಕಸದ ಬುಟ್ಟಿಯಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತ್ತು. ಬಾ ನನ್ನ ಕಡೆ ತಿರುಗಿ, "ಸಾಚುಂ ಬೋಲೇ ಛೇ" ಎಂದರು. ನಿಜ ಹೇಳ್ತಾಳೆ ಎಂದು ಅರ್ಥ.

ಅಲ್ಲಿಗೆ ನಿಲ್ಲಿಸಬಾರದೇ? ಅಕ್ಕ ಮುಂದುವರಿಸಿ, ನನ್ನ ಜೊತೆ ಒಂದು ಮೀನಿದೆ, ಅದು ದಿನಾ ಒಂದು ತುಂಡು ಸಿಗಡಿ ತಿನ್ನುತ್ತದೆ, ಬೇರೆ ಏನನ್ನೂ ಮೂಸುವುದಿಲ್ಲ ಎಂದೂ ಹೇಳಿದರು. ಕೆರೆಯ ಮೀನಿಗೆ ಹಿಟ್ಟಿನ ಉಂಡೆ ಹಾಕಿ ಪುಣ್ಯ ಕಟ್ಟಿಕೊಳ್ಳುವ ಬಾಗೆ ಇದು ನುಂಗಲಾರದ ತುತ್ತು. ಕೊನೆಗೆ, ಅದು ಅದರ ಹುಟ್ಟು, ನಾನೇನು ಮಾಡಲಿ ಎಂದು ಒಪ್ಪಿದರು. ಆದರೆ ಷರತ್ತು ಹಾಕಿದರು. ಆ ತುಂಡನ್ನು ಮುಚ್ಚಿ ತರಬೇಕು, ಬಾಗಿಲಿನಿಂದ ನೇರ ಟ್ಯಾಂಕಿಗೆ ಹೋಗಬೇಕು, ಅಡುಗೆಮನೆಗಾಗಲಿ ಫ್ರಿಜ್ಜಿಗಾಗಲಿ ಸೇರಕೂಡದು. ಮತ್ತು ಪರ್ಯೂಷಣದ ಎಂಟು ದಿನ ಅದು ಈ ಹೊಸ್ತಿಲು ದಾಟಕೂಡದು. ಪರ್ಯೂಷಣ ಜೈನರಿಗೆ ವರ್ಷದ ದೊಡ್ಡ ಪರ್ವ. ಗಟ್ಟಿಗರು ಎಂಟು ದಿನವೂ ಕುದಿಸಿ ಆರಿಸಿದ ನೀರು ಬಿಟ್ಟು ಬೇರೇನೂ ಮುಟ್ಟದೆ ಉಪವಾಸ ಮಾಡುತ್ತಾರೆ. ಅದಕ್ಕೆ ಅಠ್ಠಾಈ ಎನ್ನುತ್ತಾರೆ. ಅಕ್ಕ ಆಯಿತು ಎಂದು ಮಾತು ಕೊಟ್ಟರು.

ಮುಚ್ಚಳದ ಬಕೆಟ್ಟಿನಲ್ಲಿ ಹೆದ್ದಾರಿಯ ಕುಲುಕಾಟ ತಿಂದು ಬಂದ ನಂಗು ಹೊಸ ಮನೆಗೆ ಬಂದ ದಿನದಿಂದ ಬಾಯಿ ತೆರೆಯಲಿಲ್ಲ. ಉದ್ದನೆಯ ಚಿಮಟದ ತುದಿಯಲ್ಲಿ ಸಿಗಡಿಯ ತುಂಡು ಹಿಡಿದು ಅದರ ಮೂತಿಯ ಬಳಿ ಆಡಿಸಿದರೆ ಹಿಂದಕ್ಕೆ ಸರಿಯುತ್ತಿತ್ತು. "ಮನೆ ಬದಲಾಯ್ತಲ್ಲ, ಸಿಟ್ಟು" ಎಂದು ಅಕ್ಕ ಮೊದಮೊದಲು ನಕ್ಕರು. ವಡೋದರಾದಲ್ಲೂ ಎರಡು ಮೂರು ದಿನ ಹೀಗೇ ಮಾಡಿತ್ತಂತೆ. ಈ ಸಲ ಸಿಟ್ಟು ಇಳಿಯಲಿಲ್ಲ. ಅಷ್ಟರಲ್ಲಿ ಪರ್ಯೂಷಣ ಬಂತು. ಅಕ್ಕ ಸಿಗಡಿ ತರುವುದನ್ನು ನಿಲ್ಲಿಸಿದರು. ಬಾ ಆ ವಯಸ್ಸಿನಲ್ಲಿ ಅಠ್ಠಾಈಗೆ ಕೂತರು.

ಮೀನು ಏನೂ ತಿನ್ನುತ್ತಿಲ್ಲ ಎಂಬ ಸುದ್ದಿ ಕೆಲಸದವಳ ಬಾಯಿಂದ ಮಹಡಿ ಮಹಡಿಗೂ ಹೋಯಿತು. ಪರ್ಯೂಷಣದಲ್ಲಿ ಮೀನು ತಿನ್ನುತ್ತಿಲ್ಲ ಎಂದರೆ ಏನರ್ಥ? ಬಾ ಜೊತೆ ಅದೂ ಅಠ್ಠಾಈ ಮಾಡುತ್ತಿದೆ. ಹೆಂಗಸರು ಗುಂಪಾಗಿ ಬರತೊಡಗಿದರು. ಉಪವಾಸ ಕೂತವರನ್ನು ಕೇಳುವ ಪದ್ಧತಿಯಂತೆ, ಟ್ಯಾಂಕಿನ ಮುಂದೆ ಕೈಮುಗಿದು, "ಶಾತಾಮಾಂ ಛೋ?" ಎಂದು ಕೇಳುವರು. ಸುಖವಾಗಿದ್ದೀರಾ ಎಂದು, ಬಹುವಚನದಲ್ಲಿ, ಮೀನನ್ನು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದೆ.

ಅಕ್ಕನಿಗೆ ಮಾತ್ರ ನಗು ಬರಲಿಲ್ಲ. ಬಂದ ಪ್ರತಿಯೊಬ್ಬರಿಗೂ, ಇದು ಉಪವಾಸವಲ್ಲ, ಊರು ಬದಲಾಗಿ ಹಟ ಹಿಡಿದಿದೆ, ಈಗ ನಾನೂ ಕೊ‌ಡುತ್ತಿಲ್ಲ ಎಂದು ವಿವರಿಸುವರು. ಯಾರೂ ಕಿವಿಗೊಡಲಿಲ್ಲ. ನಾಲ್ಕನೆಯ ದಿನವೋ ಏನೋ ಬಾಗೂ ಹೇಳಿದರು. ಬಾ ದಿಂಬಿಗೆ ಒರಗಿದ್ದವರು, ನಮ್ಮಲ್ಲೂ ಅರ್ಧ ಮಂದಿ ಹಟಕ್ಕೇ ಉಪವಾಸ ಮಾಡುವುದು ಎಂದು ಸಣ್ಣಗೆ ನಕ್ಕರು.

ಆಮೇಲಿನ ದಿನಗಳು ನಗುವಂಥವಲ್ಲ. ನಂಗು ಮರಳಿನಲ್ಲಿ ಹುದುಗುವುದನ್ನು ಬಿಟ್ಟಿತು. ಮರಳಿನ ಮೇಲೆ ಬೆತ್ತಲೆ ಬಿದ್ದುಕೊಂಡಿರುತ್ತಿತ್ತು. ಬಣ್ಣ ಮಾಸಿತ್ತು, ತಲೆಯ ಹಿಂದಿನ ಮೂಳೆ ಎದ್ದು ಕಾಣುತ್ತಿತ್ತು. ಬಾಗಿಲಲ್ಲಿ ನಿಂತವರಿಗೂ ಮೀನು ಕಾಣಿಸುತ್ತಿತ್ತು, ಕುರ್ಚಿ ಹಾಕಿ ಹುಡುಕುವ ಕೆಲಸವೇ ಉಳಿಯಲಿಲ್ಲ. ಅಕ್ಕ ಆಫೀಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಅದರ ಕಿವಿರು ಆಡುತ್ತಿದೆಯೇ ಎಂದು ನೋಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. "ಅಕ್ಕಾರ, ಊಟದ ಡಬ್ಬಿಯೊಳಗ ಒಂದು ತುಂಡು ತಂದು ಹಾಕ್ರಿ. ಯಾರಿಗೆ ತಿಳೀತದ? ಬಾ ಏನು ಡಬ್ಬಿ ತಗದು ನೋಡ್ತಾರೇನು?"

"ನೋಡುದಿಲ್ಲ. ಅದಕ್ಕೇ ತರ್ಲಿಕ್ಕಾಗುದಿಲ್ಲ."

"ಹಂಗಾರ ಬಾ ಹತ್ರ ಹೋಗಿ ಕೇಳ್ರಿ. ಜೀವದ ಪ್ರಶ್ನೆ ಐತಿ ಅನ್ರಿ."

"ಅನ್ನ ಬಿಟ್ಟು ಕೂತ ಮುದುಕಿ ಹತ್ರ ಹೋಗಿ ಸಿಗಡಿ ಮಾತಾಡುದಾ ಮಾರಾಯ್ತಿ?"

ಆಗ ನಾನು ಒಂದು ಬಿರುಸು ಮಾತು ಆಡಿದೆ, ನಿಮಗ ಮೀನಿಗಿಂತ ನಿಮ್ಮ ಮಾತೇ ದೊಡ್ಡದಾತು ಎಂದೆ. ಅಕ್ಕ ಟ್ಯಾಂಕಿನ ಗಾಜನ್ನು ಒರೆಸುತ್ತಲೇ ಇದ್ದರು. ಗಾಜು ಸ್ವಚ್ಛವಾಗಿಯೇ ಇತ್ತು. ಅವರು ಅಳುತ್ತಿದ್ದರು. ಅಷ್ಟು ವರ್ಷಗಳಲ್ಲಿ ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ. ನನಗೂ ಅಳು ಬಂತು. ಇಬ್ಬರೂ ಮೂಗು ಒರೆಸಿಕೊಂಡು ಚಹಾ ಕುಡಿದೆವು.

ಪರ್ಯೂಷಣದ ಕೊನೆಯ ದಿನ ಜೈನರು ಎಲ್ಲರ ಬಳಿಯೂ, ಎಲ್ಲ ಜೀವಗಳ ಬಳಿಯೂ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಆ ಸಂಜೆ ಪೂಜೆ ಮುಗಿಸಿ ಬಂದ ಬಾ, ಸೊಸೆಯ ತೋಳು ಹಿಡಿದುಕೊಂಡು ಮನೆ ಮನೆಯ ಬಾಗಿಲಿಗೆ ಹೋಗಿ, ಕೈಮುಗಿದು "ಮಿಚ್ಛಾಮಿ ದುಕ್ಕಡಂ" ಎಂದರು. ಅಕ್ಕನಿಗೆ ಹೇಳಿದರು, ನನಗೆ ಹೇಳಿದರು. ಆಮೇಲೆ ಟ್ಯಾಂಕಿನ ಬಳಿ ಹೋಗಿ, ಬಗ್ಗಲಾರದೆ ಬಗ್ಗಿ, ಮರಳಿನ ಮೇಲೆ ಬಿದ್ದಿದ್ದ ಆ ಮೀನಿಗೂ ಹೇಳಿದರು. ಹೇಳಿದವರು ಅಲ್ಲೇ ನಿಂತರು.

"ಇದು ತಿನ್ನದೆ ಇರುವುದು ನನ್ನಿಂದಲೋ?" ಎಂದು ಕೇಳಿದರು.

ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ, ಇಲ್ಲ ಎನ್ನಿ ಎಂದು. ಅಕ್ಕ ನನ್ನನ್ನು ನೋಡಲೇ ಇಲ್ಲ. ಮೊದಲು ತಾನಾಗಿಯೇ ಬಿಟ್ಟಿತ್ತು, ಈ ದಿನಗಳಲ್ಲಿ ಕೊಟ್ಟಿದ್ದರೆ ತಿನ್ನುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೊಟ್ಟಿಲ್ಲ ಎಂದರು.

ಬಾ ಅವರ ಮುಖ ಸಪ್ಪಗಾಯಿತು. ತಾನು ಬಿಟ್ಟರೆ ತಪಸ್ಸು, ಇನ್ನೊಂದು ಜೀವದ ಬಾಯಿಗೆ ಬರುವ ತುತ್ತಿಗೆ ಅಡ್ಡ ನಿಂತರೆ ಅದು ಅಂತರಾಯ, ದೊಡ್ಡ ಪಾಪ ಎಂದರು. ಮರುದಿನ ಬೆಳಿಗ್ಗೆ ಬಾ ಉಪವಾಸ ಮುರಿಯಬೇಕಿತ್ತು. ಅದಕ್ಕೆ ಪಾರಣೆ ಎನ್ನುತ್ತಾರೆ. ಅವರು ಟ್ಯಾಂಕಿನ ಕಡೆ ಬೆರಳು ತೋರಿಸಿ, "ಏನುಂ ಪಾರಣುಂ ಪಹೇಲಾಂ" ಎಂದರು. ಮೊದಲು ಅದರ ಪಾರಣೆ, ಆಮೇಲೆ ನನ್ನದು.

ಸೊಸೆ ಅತ್ತು ಕರೆದು ಮಾಡಿದಳು. ಮಗ ಬಂದು, ಡಾಕ್ಟರು ಏನು ಹೇಳಿದ್ದಾರೆ ನೆನಪಿದೆಯಾ ಎಂದು ಗದರಿದ. ಬಾ ಜಗ್ಗಲಿಲ್ಲ.

ಬೆಳಿಗ್ಗೆ ಅಕ್ಕ ಹಳೇ ಊರಿನ ಮೀನು ಮಾರ್ಕೆಟ್ಟಿಗೆ ಆಟೋದಲ್ಲಿ ಹೋಗಿ, ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿಕೊಂಡು ಬಂದರು. ನಂಗಿಗೆ ಮಬ್ಬು ಬೆಳಕೇ ಇಷ್ಟವೆಂದು ಪರದೆ ಎಳೆದರು. ಬಾ ಬಂದರು. ಸಿಗಡಿಯನ್ನು ಕಣ್ಣಿಂದ ನೋಡುವುದು ಅವರಿಂದ ಆಗದ ಮಾತು. ಟ್ಯಾಂಕಿಗೆ ಬೆನ್ನು ಮಾಡಿ, ಗೋಡೆಯ ಕಡೆ ಕುರ್ಚಿ ತಿರುಗಿಸಿ ಕೂತರು. ಸೊಸೆ ಹೆಸರುಕಾಳಿನ ಕಟ್ಟು ತುಂಬಿದ ಬೆಳ್ಳಿ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಳು. ಅಕ್ಕ ಚಿಮಟ ಇಳಿಸಿದರು.

ಮೀನು ಅಲ್ಲಾಡಲಿಲ್ಲ.

"ಖಾಧುಂ?" ಎಂದರು ಬಾ ಗೋಡೆ ನೋಡುತ್ತ. ತಿಂತಾ?

"ನಹೀಂ, ಬಾ."

ಅಕ್ಕ ತುಂಡನ್ನು ಇನ್ನೂ ಚಿಕ್ಕದು ಮಾಡಿ ಮತ್ತೆ ಇಳಿಸಿದರು. ಮೂತಿಯ ಮುಂದೆ ಮೆಲ್ಲಗೆ ಮರಳಿಗೆ ತಾಗಿಸಿ ಎಳೆದರು, ಹುಳ ಹರಿದಾಡಿದ ಹಾಗೆ. ನಂಗು ಕಣ್ಣು ಹೊರಳಿಸಿತು, ಅಷ್ಟೇ. ಬಾ ಅವರ ತಲೆ ಒಂದು ಮಗ್ಗುಲಿಗೆ ವಾಲುತ್ತಿತ್ತು. ಸೊಸೆ ಅಂಗಲಾಚುವ ಕಣ್ಣಿನಿಂದ ನಮ್ಮನ್ನು ನೋಡಿದಳು.

"ಖಾಧುಂ?"

"ನಹೀಂ, ಬಾ."

ನಾನು ಅಕ್ಕನ ತೋಳು ಚಿವುಟಿದೆ. ಕಿವಿಯ ಹತ್ತಿರ ಬಾಯಿಟ್ಟು, "ಹೂಂ ಅನ್ರಿ ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೀನಿ, ಮುದುಕಿ ಜೀವ ಹೋಗ್ತದ" ಎಂದೆ. ಅಕ್ಕ ಚಿಮಟವನ್ನು ಹಾಗೇ ಹಿಡಿದು ನಿಂತರು. ಸೊಸೆ ತಡೆಯಲಾರದೆ ಬಟ್ಟಲನ್ನು ಅತ್ತೆಯ ತುಟಿಯ ಬಳಿ ಒಯ್ದಳು. ಬಾ ಕೈ ಅಡ್ಡ ಹಿಡಿದರು.

ಆಗ ನಂಗಿನ ಅಂಚಿನ ರೆಕ್ಕೆ ಅಲೆಯಾಡಿತು. ಅದು ಅರ್ಧ ಬೆರಳಿನಷ್ಟು ಮುಂದೆ ಜರುಗಿತು, ನಿಂತಿತು, ಮತ್ತೆ ಜರುಗಿತು. ಸೊಟ್ಟ ಬಾಯಿ ತೆರೆಯಿತು. ಚಿಮಟದ ತುದಿ ಖಾಲಿಯಾಯಿತು. ನಾನು ಉಸಿರು ಬಿಡುವಷ್ಟರಲ್ಲಿ ಅಕ್ಕ ಕೈಯೆತ್ತಿ ನನ್ನನ್ನು ತಡೆದರು. ಅದು ಉಗುಳುವುದಿಲ್ಲ ಎಂದು ಖಾತ್ರಿಯಾಗುವವರೆಗೂ ಕಾದರು. ಮೀನು ನುಂಗಿತು.

"ಖಾ ಲಿಯಾ, ಬಾ" ಎಂದರು ಅಕ್ಕ.

ಆ ಮಾತನ್ನು ನಾನು ಹೇಳಿದ್ದರೆ ಬಾ ಖಂಡಿತ ತಿರುಗಿ ನೋಡುತ್ತಿದ್ದರು. ಅಕ್ಕ ಹೇಳಿದ್ದರಿಂದ ನೋಡಲಿಲ್ಲ. ಗೋಡೆಯ ಕಡೆಗೇ ಕೈಮುಗಿದು, ಸೊಸೆಯ ಕೈಯಿಂದ ಬಟ್ಟಲು ತೆಗೆದುಕೊಂಡು ಕುಡಿದರು.